ಬೆನ್ನುಮೂಳೆ ಮತ್ತು ಕೈಚಿಕಿತ್ಸೆ

ಮಂಡ್ಯದ ಗುತ್ತಲಿನಂಥ ಊರುಗಳ ಸುತ್ತ ಕಬ್ಬು ಕಡಿದು ಹೊರೆ ಹೊರುವವರಿಗೆ ಸೊಂಟ ಉಳುಕುವುದು ಹೊಸದೇನಲ್ಲ. ಆಗ ಉಳುಕು ತೆಗೆಯುವವರನ್ನು ಹುಡುಕಿಕೊಂಡು ಹೋಗುವುದು ಹಳೆಯ ರೂಢಿ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲನೆ ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆಯೂ ಉಂಟು.

ಮೂಳೆ, ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ವಿದ್ಯೆ ಪ್ರಾಚೀನವಾದುದು. ಕೀಲು ತಪ್ಪುವುದರಲ್ಲಿ 6 ಬಗೆ, ಮೂಳೆ ಮುರಿಯುವುದರಲ್ಲಿ 12 ಬಗೆಗಳನ್ನು ಗುರುತಿಸಿದ ಸುಶ್ರುತ ಸಂಹಿತೆಯು ಎಳೆದು, ಒತ್ತಿ, ಕೂಡಿಸಿ ಕಟ್ಟುವ ಕ್ರಮವನ್ನು ವಿವರಿಸುತ್ತದೆ. ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲೂ ಬೆನ್ನನ್ನು ಎಳೆದು ಒತ್ತುವ ವಿಧಾನವಿದೆ.

ಇಂಥ ವಿದ್ಯೆಯೊಂದು ಅಮೆರಿಕದಲ್ಲಿ 'ಕೈರೊಪ್ರಾಕ್ಟಿಕ್' ಎಂಬ ಪ್ರತ್ಯೇಕ ವೃತ್ತಿಯಾಯಿತು. ಗ್ರೀಕ್ ಮೂಲದ ಈ ಹೆಸರಿಗೆ ಕೈಯಿಂದ ಮಾಡುವ ಕೆಲಸವೆಂದು ಅರ್ಥ. 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನುಮೂಳೆಯನ್ನು ಒತ್ತಿ, ಅವನಿಗೆ ಕಿವಿ ಕೇಳಿಸುವಂತೆ ಮಾಡಿದೆನೆಂದು ಸಾರಿದನು. 1897ರಲ್ಲಿ ಶಾಲೆಯನ್ನೂ ತೆರೆದನು. ನೂರಕ್ಕೆ 95 ರೋಗಗಳಿಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣವೆಂಬುದು ಅವನ ವಾದ. ಆದರೆ ಶ್ರವಣದ ನರವು ಕಿವಿಯಿಂದ ನೇರವಾಗಿ ಮೆದುಳಿಗೆ ಹೋಗುತ್ತದೆ. ಬೆನ್ನುಮೂಳೆಯ ಮೂಲಕ ಹಾಯುವುದಿಲ್ಲ.

ಪರವಾನಗಿಯಿಲ್ಲದೆ ಚಿಕಿತ್ಸೆ ನೀಡಿದ್ದಕ್ಕಾಗಿ 1906ರಲ್ಲಿ ಪಾಮರ್ ಸೆರೆಮನೆ ಕಂಡನು. ಮುಂದೆ ಅಮೆರಿಕದ ವೈದ್ಯಕೀಯ ಸಂಘವು ಈ ವೃತ್ತಿಗೆ ಬಹಿಷ್ಕಾರ ಹಾಕಿತು. ಇದರ ವಿರುದ್ಧ 1976ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಆ ಬಹಿಷ್ಕಾರ ಕಾನೂನುಬಾಹಿರವೆಂದು 1987ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ವೃತ್ತಿ ಉಳಿಯಿತು, ಪಾಮರನ ವಾದಕ್ಕೆ ಮಾತ್ರ ವಿಜ್ಞಾನದ ಸಮರ್ಥನೆ ದೊರೆಯಲಿಲ್ಲ.

ಹಾಗಾದರೆ ಈ ಚಿಕಿತ್ಸೆಯಲ್ಲಿ ನಡೆಯುವುದೇನು? ಬೆನ್ನುಮೂಳೆಯಲ್ಲಿ ಚಲಿಸುವ 24 ಮಣಿಗಳಿವೆ: ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಬಿಗಿದುಕೊಂಡ ಕೀಲನ್ನು ಗುರುತಿಸಿ, ಅಲ್ಲಿ ಕೈಯಿಂದ ಚುರುಕಾಗಿ ಒತ್ತುತ್ತಾರೆ. ಆಗ 'ಲಟಕ್' ಎಂಬ ಸದ್ದು ಕೇಳಿಸಬಹುದು. ಇದು ಮೂಳೆ ಜಾಗಕ್ಕೆ ಬಂದ ಸದ್ದೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಬೆರಳಿನ ನೆಟಿಕೆಯಂತೆ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದಕ್ಕೆ ಸಂಬಂಧಿಸಿದ ಸದ್ದು ಅದು.

ಸೊಂಟನೋವಿಗೆ ಇದರಿಂದ ಸ್ವಲ್ಪ ಉಪಶಮನ ಸಿಗುವುದುಂಟು. ವ್ಯಾಯಾಮದಂಥ ಇತರ ಕ್ರಮಗಳಿಂದಲೂ ಸುಮಾರಾಗಿ ಅಷ್ಟೇ ಫಲವಿದೆ. ಅಸ್ತಮಾದಂಥ ರೋಗಗಳು ಇದರಿಂದ ಗುಣವಾಗುತ್ತವೆಂಬುದಕ್ಕೆ ಆಧಾರವಿಲ್ಲ. ಕತ್ತನ್ನು ರಭಸವಾಗಿ ತಿರುವಿದಾಗ, ಅಪರೂಪಕ್ಕೆ ರಕ್ತನಾಳ ಸೀಳಿ ಪಾರ್ಶ್ವವಾಯು ತಗಲುವ ಅಪಾಯವೂ ಇದೆ. ಬೆನ್ನುನೋವಿನ ಜೊತೆಗೆ ಕಾಲು ಬಲಗುಂದಿದರೆ, ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಹಿರಿಯರು 'ಕೈಗುಣ'ವನ್ನು ನಂಬಿದವರು. ಉಳುಕಿದ ಬೆನ್ನಿಗೆ ಪಳಗಿದ ಕೈ ಹಿತ ನೀಡಬಲ್ಲದೆಂಬುದು ಅನುಭವದ ಮಾತು. ಆ ಕೈಯೇ ಎಲ್ಲ ರೋಗಗಳನ್ನೂ ವಾಸಿಮಾಡುತ್ತದೆ ಎಂದಾಗ ಮಾತ್ರ ವಿದ್ಯಾರ್ಥಿಗಳು ಪುರಾವೆ ಕೇಳಲು ಹಿಂಜರಿಯಬಾರದು.