ಒಂದು ಜ್ವರದ ಇತಿಹಾಸ

ಒಂದು ಜನಾಂಗದ ಚರಿತ್ರೆಯನ್ನು ನಾವು ಶಾಸನಗಳಲ್ಲಿ, ಕೋಟೆಕೊತ್ತಲಗಳಲ್ಲಿ, ಕಾವ್ಯಗಳಲ್ಲಿ ಅರಸುತ್ತೇವೆ. ರೋಗದಲ್ಲಿಯೂ ಚರಿತ್ರೆ ಅಡಗಿರುತ್ತದೆಂದರೆ ವಿಚಿತ್ರವೆನಿಸೀತು. ಅರ್ಮೇನಿಯನ್ನರಲ್ಲಿ ತಲೆಮಾರುಗಳಿಂದ ಇಳಿದುಬಂದಿರುವ ಒಂದು ಜ್ವರದ ಕಥೆ ಅಂಥದು.

ಈ ವ್ಯಾಧಿ ಬಹುಮಟ್ಟಿಗೆ ಬಾಲ್ಯದಲ್ಲೇ ತಲೆದೋರುತ್ತದೆ. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಮೈ ಸುಡುತ್ತದೆ. ಹೊಟ್ಟೆಯಲ್ಲಿ ತಾಳಲಾರದ ಶೂಲೆ, ಕೆಲವೊಮ್ಮೆ ಎದೆಯಲ್ಲೂ ಕೀಲುಗಳಲ್ಲೂ ನೋವು. ಸಾಮಾನ್ಯವಾಗಿ ಮೂರು ದಿನದೊಳಗೆ ಎಲ್ಲವೂ ತಾನಾಗಿ ಇಳಿದು, ಮಗು ಮತ್ತೆ ಆಟಕ್ಕೆ ಓಡುತ್ತದೆ. ಕೆಲಕಾಲದ ಮೇಲೆ ಅದೇ ಜ್ವರ ಮರಳುತ್ತದೆ. ಅಪೆಂಡಿಕ್ಸಿನ ಬೇನೆಯೆಂದು ಭ್ರಮಿಸಿ ಎಷ್ಟೋ ಮಕ್ಕಳಿಗೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಿದ್ದುಂಟು.

1945ರಲ್ಲಿ ನ್ಯೂಯಾರ್ಕಿನ ವೈದ್ಯ ಶೆಪರ್ಡ್ ಸೀಗಲ್ ಇದನ್ನು ಪ್ರತ್ಯೇಕ ವ್ಯಾಧಿಯೆಂದು ವರ್ಣಿಸಿ, ‘ನಿರಪಾಯಕರ’ ಎಂಬ ವಿಶೇಷಣವನ್ನು ಅದಕ್ಕೆ ಜೋಡಿಸಿದರು. ಆ ವಿಶೇಷಣ ಸುಳ್ಳಾಯಿತು. ವರ್ಷಗಳು ಉರುಳಿದಂತೆ ‘ಅಮಿಲಾಯ್ಡ್’ ಎಂಬ ವಸ್ತು ಮೂತ್ರಪಿಂಡಗಳಲ್ಲಿ ಶೇಖರಗೊಂಡು ಅನೇಕ ರೋಗಿಗಳ ಪ್ರಾಣ ತೆಗೆದಿತ್ತು. 1958ರಲ್ಲಿ ಇಸ್ರೇಲಿನ ಹೆಲ್ಲರ್ ಮತ್ತು ಅವರ ಸಂಗಡಿಗರು ‘ಕೌಟುಂಬಿಕ ಮೆಡಿಟರೇನಿಯನ್ ಜ್ವರ’ವೆಂಬ ಹೆಸರನ್ನಿತ್ತರು.

1915ರ ನರಮೇಧದಲ್ಲಿ ಬದುಕುಳಿದ ಅರ್ಮೇನಿಯನ್ನರು ಬೇರೂತ್, ಪ್ಯಾರಿಸ್, ಕ್ಯಾಲಿಫೋರ್ನಿಯಗಳಿಗೆ ಚದುರಿದರು. ಮನೆಮಾರು ಕಳೆದುಕೊಂಡವರ ಜೊತೆಯಲ್ಲಿ ಈ ಜ್ವರವೂ ಪ್ರಯಾಣ ಮಾಡಿತು. 1974ರಲ್ಲಿ ಲಾಸ್ ಏಂಜಲೀಸಿನ ಶ್ವಾಬೆ ಮತ್ತು ಪೀಟರ್ಸ್ ಇಂಥ 100 ಮಂದಿ ಅರ್ಮೇನಿಯನ್ ರೋಗಿಗಳ ವಿವರಗಳನ್ನು ಪ್ರಕಟಿಸಿದರು.

1997ರಲ್ಲಿ ಎರಡು ಸಂಶೋಧಕ ತಂಡಗಳು ಪ್ರತ್ಯೇಕವಾಗಿ ದುಡಿದು, ಹದಿನಾರನೆಯ ವರ್ಣತಂತುವಿನಲ್ಲಿ ಇದಕ್ಕೆ ಕಾರಣವಾದ ಜೀನನ್ನು ಕಂಡುಹಿಡಿದವು. ಅದರಿಂದ ಹುಟ್ಟುವ ಪ್ರೋಟೀನಿಗೆ ಒಂದು ತಂಡ, ಬೆಂಕಿ ಎಂಬರ್ಥದ ಗ್ರೀಕ್ ಮೂಲದಿಂದ ‘ಪೈರಿನ್’ ಎಂದು ಹೆಸರಿಟ್ಟಿತು. ಈ ಜೀನು ಮುಖ್ಯವಾಗಿ ಬಿಳಿಯ ರಕ್ತಕಣಗಳಲ್ಲಿ ಕ್ರಿಯಾಶೀಲವಾಗಿರುತ್ತದೆ. ಪೈರಿನ್ ಒಬ್ಬ ಕಾವಲುಗಾರನಿದ್ದಂತೆ: ಕೆಲವು ರೋಗಾಣುಗಳ ವಿಷ ಜೀವಕೋಶದ ವ್ಯವಸ್ಥೆಯನ್ನು ಕೆಡಿಸಿದೊಡನೆ ಕೂಗೆಬ್ಬಿಸುತ್ತಾನೆ, ಜ್ವರ, ಉರಿಯೂತಗಳು ಆ ಕೂಗಿನ ಫಲ. ಜೀನಿನಲ್ಲಿ ಒಂದಕ್ಷರ ಬದಲಾದರೂ ಸಾಕು, ಕಳ್ಳನಿಲ್ಲದಾಗಲೂ ಕಾವಲುಗಾರ ಕೂಗತೊಡಗಬಹುದು. ಸಾಮಾನ್ಯವಾಗಿ ತಂದೆತಾಯಿಗಳಿಬ್ಬರಿಂದಲೂ ದೋಷ ಬಂದಾಗ ರೋಗ ಪ್ರಕಟವಾಗುತ್ತದೆ. ಅರ್ಮೇನಿಯನ್ನರಲ್ಲಿ ಸುಮಾರು ಐವರಿಗೊಬ್ಬರು ಇದರ ವಾಹಕರು.

ಇಷ್ಟು ಹಾನಿಕರವಾದುದು ಇಷ್ಟು ವ್ಯಾಪಕವಾಗಿ ಉಳಿದುದೇಕೆ? 2020ರಲ್ಲಿ ಅಮೆರಿಕದ ವಿಜ್ಞಾನಿಗಳು, ಈ ದೋಷವುಳ್ಳ ಇಲಿಗಳು ಪ್ಲೇಗಿನ ಸೋಂಕನ್ನು ಹೆಚ್ಚು ಸಮರ್ಥವಾಗಿ ಎದುರಿಸುವುದನ್ನು ತೋರಿಸಿದರು. ಹಿಂದಿನ ಮಹಾಮಾರಿಗಳಲ್ಲಿ ಪೂರ್ವಜರನ್ನು ಉಳಿಸಿದ್ದೇ ಮೊಮ್ಮಕ್ಕಳನ್ನು ಸುಡುತ್ತಿದೆಯೆಂದು ಊಹಿಸಲು ಇಲ್ಲಿ ಆಧಾರವುಂಟು.

ಮದ್ದು ಜೀನಿಗಿಂತ ಮೊದಲೇ ದೊರೆತಿತ್ತು. ಕಾಲ್ಚಿಸಿನ್ ನಿತ್ಯವೂ ಸೇವಿಸಿದರೆ ಜ್ವರ ತಡೆಯುತ್ತದೆಂದು 1972ರಲ್ಲಿ ಗೋಲ್ಡ್‌ಫಿಂಗರ್ ವರದಿ ಮಾಡಿದರು. ಅದು ಮೂತ್ರಪಿಂಡಗಳನ್ನೂ ಕಾಯುತ್ತದೆಂಬುದು ಮುಂದೆ ಖಚಿತವಾಯಿತು. ಕಪ್ಪುಸಮುದ್ರ ತೀರದ ಪ್ರಾಚೀನ ಕಾಲ್ಕಿಸ್ ನಾಡಿನ ಹೆಸರನ್ನು ಹೊತ್ತ ಗಿಡದಿಂದ ಬಂದ ಮದ್ದಿದು. ನಮ್ಮ ಬೇಲಿಗಳಲ್ಲಿ ಅರಳುವ, ಅಗ್ನಿಶಿಖೆಯೆಂಬ ಹೆಸರಿನ ವಿಷಯುಕ್ತ ಗೌರಿಹೂವಿನ ಬಳ್ಳಿಯಲ್ಲಿಯೂ ಅದೇ ರಾಸಾಯನಿಕವುಂಟು.

ಕೊನೆಯದಾಗಿ ಒಂದು ಮಾತು. ಈ ಜ್ವರ ಅರ್ಮೇನಿಯನ್ನರದು ಮಾತ್ರವಲ್ಲ. ಯೆಹೂದ್ಯರು, ಅರಬರು, ತುರ್ಕರು ಕೂಡ ಇದನ್ನು ಅನುಭವಿಸುತ್ತಾರೆ. ಜೀನಿನ ಸುತ್ತಲಿನ ಗುರುತುಗಳನ್ನು ಹೋಲಿಸಿದವರು, ಇವರಲ್ಲಿ ಅನೇಕರ ದೋಷ ಒಬ್ಬನೇ ಪುರಾತನ ಪೂರ್ವಜನಿಂದ ಬಂದುದೆಂದು ಕಂಡರು. ಗಡಿಗಳಿಗಾಗಿ ರಕ್ತ ಹರಿಸಿದವರ ರಕ್ತದಲ್ಲೇ ಈ ನಂಟು ಬರೆದಿತ್ತು; ಅದನ್ನು ಓದಲು ನಮಗೆ ಬಂದದ್ದು ಮಾತ್ರ ಬಹಳ ತಡವಾಗಿ.