ಪ್ಲಾನ್ ೯ ಫ್ರಮ್ ಔಟರ್ ಸ್ಪೇಸ್

ಪ್ಲಾನ್ ೯ ಫ್ರಮ್ ಔಟರ್ ಸ್ಪೇಸ್ ಅಮೆರಿಕದ ಒಂದು ಕಪ್ಪು-ಬಿಳುಪು ಚಲನಚಿತ್ರ. ವೈಜ್ಞಾನಿಕ ಕಲ್ಪನೆಯನ್ನೂ ಪ್ರೇತಕಥೆಯನ್ನೂ ಬೆರೆಸಿ ಹೆಣೆದ ಈ ಚಿತ್ರದ ಕಥೆ, ನಿರ್ದೇಶನ, ನಿರ್ಮಾಣ ಮತ್ತು ಸಂಕಲನ ನಾಲ್ಕೂ ಎಡ್ವರ್ಡ್ ಡಿ. ವುಡ್ ಜೂನಿಯರ್ (೧೯೨೪–೧೯೭೮) ಎಂಬಾತನವು. ಚಿತ್ರೀಕರಣ ೧೯೫೬ರಲ್ಲಿ ನಡೆಯಿತು. ೧೯೫೭ರ ಮಾರ್ಚ್ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ, ವ್ಯಾಪಕವಾಗಿ ಬಿಡುಗಡೆಯಾದದ್ದು ೧೯೫೯ರಲ್ಲಿ. ಅವಧಿ ೭೯ ನಿಮಿಷ. ‘ಸಾರ್ವಕಾಲಿಕ ಅತಿ ಕಳಪೆ ಚಿತ್ರ’ ಎಂಬ ಅಪಕೀರ್ತಿಯಿಂದ ಇದು ಲೋಕಪ್ರಸಿದ್ಧವಾಗಿದೆ. ಆದರೆ ಈ ಬಿರುದು ಬಿಡುಗಡೆಯ ಕಾಲದಲ್ಲಿ ಬಂದುದಲ್ಲ. ಎರಡು ದಶಕಗಳ ಅನಂತರ, ಅದೂ ನಿರ್ದೇಶಕ ತೀರಿಕೊಂಡ ಮೇಲೆ, ಬಂದುದು.

ಕಥಾವಸ್ತು

ಭೂಮಿಯ ಜನರು ಸೂರ್ಯನ ಬೆಳಕನ್ನೇ ಸ್ಫೋಟಿಸಬಲ್ಲ ಬಾಂಬೊಂದನ್ನು ಕಂಡುಹಿಡಿಯುವ ಹಂತದಲ್ಲಿದ್ದಾರೆ; ಹಾಗಾದರೆ ಇಡೀ ವಿಶ್ವವೇ ನಾಶವಾದೀತೆಂದು ಅನ್ಯಗ್ರಹದವರು ಆತಂಕಗೊಳ್ಳುತ್ತಾರೆ. ಅವರ ಒಂಬತ್ತನೆಯ ಯೋಜನೆಯೆಂದರೆ, ಆಗತಾನೆ ಸತ್ತವರ ಗ್ರಂಥಿಗಳಿಗೆ ದೂರದಿಂದ ವಿದ್ಯುತ್ ಹಾಯಿಸಿ ಅವರನ್ನು ಎಬ್ಬಿಸಿ ನಡೆಸುವುದು. ಮೊದಲ ಎಂಟು ಯೋಜನೆಗಳ ಗತಿಯೇನಾಯಿತೆಂಬುದನ್ನು ಚಿತ್ರ ವಿವರಿಸುವುದಿಲ್ಲ. ಕ್ಯಾಲಿಫೋರ್ನಿಯದ ಒಂದು ಸ್ಮಶಾನದಲ್ಲಿ ಮೂವರು ಸತ್ತವರು ಎದ್ದು ಓಡಾಡುತ್ತಾರೆ. ಸ್ಮಶಾನದ ನೆರೆಯಲ್ಲೇ ವಾಸಿಸುವ ವಿಮಾನಚಾಲಕನೊಬ್ಬ, ಪೊಲೀಸರು ಮತ್ತು ಸೇನೆಯ ಕರ್ನಲ್ ಒಬ್ಬನೊಡನೆ ಹಾರುವ ತಟ್ಟೆಯೊಳಕ್ಕೆ ಪ್ರವೇಶಿಸುತ್ತಾನೆ. ಅಲ್ಲಿ ಮಾತಿನ ಚಕಮಕಿ ಕೈಕೈ ಮಿಲಾಯಿಸುವುದರಲ್ಲಿ ಮುಗಿದು, ತಟ್ಟೆಗೆ ಬೆಂಕಿ ಹತ್ತಿ ಅದು ಆಕಾಶದಲ್ಲಿ ಸಿಡಿಯುತ್ತದೆ.

ಅಣುಬಾಂಬಿನ ಭೀತಿ ಜನರನ್ನು ಆವರಿಸಿದ್ದ ಶೀತಲ ಸಮರದ ಕಾಲದ ಕಥೆಯಿದು. ಶಸ್ತ್ರಾಸ್ತ್ರಗಳ ಪೈಪೋಟಿಯಲ್ಲಿ ಮನುಷ್ಯನ ಅವಿವೇಕವನ್ನು ಅನ್ಯಗ್ರಹದವನ ಬಾಯಿಂದ ಖಂಡಿಸುವ ಭಾಗದಲ್ಲಿ ಗಂಭೀರವಾದ ಆಶಯವೇ ಇದೆ. ಸಂಭಾಷಣೆ ಆ ಆಶಯವನ್ನು ಹೊರಲಾರದೆ ಕುಸಿಯುತ್ತದೆ.

ಲುಗೋಸಿಯ ದೃಶ್ಯಗಳು

೧೯೩೧ರ ‘ಡ್ರಾಕುಲಾ’ ಚಿತ್ರದಿಂದ ವಿಖ್ಯಾತನಾದ ಹಂಗೇರಿ ಮೂಲದ ನಟ ಬೆಲಾ ಲುಗೋಸಿ, ಕೊನೆಗಾಲದಲ್ಲಿ ಅವಕಾಶಗಳಿಲ್ಲದೆ, ಮಾದಕ ಔಷಧದ ಚಟಕ್ಕೆ ಸಿಕ್ಕಿ ನಲುಗಿದ್ದ. ಆ ದಿನಗಳಲ್ಲಿ ಅವನಿಗೆ ಪಾತ್ರಗಳನ್ನು ಕೊಟ್ಟ ಕೆಲವೇ ಮಂದಿಯಲ್ಲಿ ವುಡ್ ಒಬ್ಬ. ಬೇರೊಂದು ಉದ್ದೇಶಕ್ಕಾಗಿ ಲುಗೋಸಿಯ ಕೆಲವು ಮೂಕ ದೃಶ್ಯಗಳನ್ನು ಆತ ಚಿತ್ರೀಕರಿಸಿಕೊಂಡಿದ್ದ. ಮನೆಯಿಂದ ಹೊರಬಂದ ವೃದ್ಧನೊಬ್ಬ ಹೂವೊಂದನ್ನು ಕೈಗೆತ್ತಿಕೊಂಡು ನೋಡುವುದು, ಕಪ್ಪು ನಿಲುವಂಗಿ ಹೊದ್ದು ಸ್ಮಶಾನದಲ್ಲಿ ಸುಳಿಯುವುದು, ಹೀಗೆ ಕೆಲವು ನಿಮಿಷಗಳ ತುಣುಕುಗಳು. ೧೯೫೬ರ ಆಗಸ್ಟ್ ೧೬ರಂದು ಲುಗೋಸಿ ನಿಧನನಾದ.

ವುಡ್ ಆ ತುಣುಕುಗಳನ್ನು ಎಸೆಯಲಿಲ್ಲ. ಅವುಗಳ ಸುತ್ತ ಹೊಸದೊಂದು ಕಥೆಯನ್ನೇ ಕಟ್ಟಿದ. ಸಾಲದೆ ಬಂದ ಭಾಗಕ್ಕೆ ತನ್ನ ಹೆಂಡತಿಗೆ ಬೆನ್ನುಮೂಳೆಯ ಚಿಕಿತ್ಸೆ ನೀಡುತ್ತಿದ್ದ ಟಾಮ್ ಮೇಸನ್ ಎಂಬಾತನನ್ನು ನಿಲ್ಲಿಸಿದ. ಮೇಸನ್ ಲುಗೋಸಿಗಿಂತ ಎತ್ತರದವನು, ಮುಖಚಹರೆಯೂ ಹೋಲುವುದಿಲ್ಲ. ಆದುದರಿಂದ ಆತ ಚಿತ್ರದುದ್ದಕ್ಕೂ ನಿಲುವಂಗಿಯ ಅಂಚಿನಿಂದ ಮುಖ ಮುಚ್ಚಿಕೊಂಡೇ ನಡೆಯುತ್ತಾನೆ. ಲುಗೋಸಿ ಹಗಲಿನ ಬೆಳಕಿನಲ್ಲಿ ಕಾಣಿಸಿಕೊಂಡರೆ, ಮರುಕ್ಷಣವೇ ಮೇಸನ್ ಸ್ಟುಡಿಯೋದ ಕತ್ತಲಲ್ಲಿ ಬರುತ್ತಾನೆ. ಚಿತ್ರವನ್ನು ಕುರಿತ ಹಾಸ್ಯವೆಲ್ಲ ಮೊದಲು ಎತ್ತಿಕೊಳ್ಳುವುದು ಇದನ್ನೇ. ಆದರೆ ಆ ಹೂವಿನ ದೃಶ್ಯವನ್ನು ಮಾತ್ರ ಬೇರೆಯಾಗಿ ನೋಡಿದವರಿಗೆ ನಗು ಬರುವುದು ಕಷ್ಟ; ಮಹಾನಟನೊಬ್ಬನ ಕೊನೆಯ ದಿನಗಳ ಮುಖ ಉಳಿದಿರುವುದು ಅಲ್ಲಿ.

ನಿರ್ಮಾಣ

ಹಣ ಒದಗಿಸಿದವರು ಒಂದು ಬ್ಯಾಪ್ಟಿಸ್ಟ್ ಚರ್ಚಿಗೆ ಸೇರಿದವರು. ಚಿತ್ರದ ಮೊದಲ ಹೆಸರು ‘ಗ್ರೇವ್ ರಾಬರ್ಸ್ ಫ್ರಮ್ ಔಟರ್ ಸ್ಪೇಸ್’. ಸಮಾಧಿಗಳ್ಳರೆಂಬ ಮಾತು ಅವರಿಗೆ ಹಿಡಿಸದೆ ಹೆಸರು ಬದಲಾಯಿತು. ವುಡ್ ಮತ್ತು ತಂಡದ ಕೆಲವರು ಅವರ ಮೆಚ್ಚುಗೆಗಾಗಿ ದೀಕ್ಷಾಸ್ನಾನವನ್ನೂ ಪಡೆದರು. ದೂರದರ್ಶನದಲ್ಲಿ ಭಯಾನಕ ಚಿತ್ರಗಳನ್ನು ಪರಿಚಯಿಸುತ್ತ ಹೆಸರಾಗಿದ್ದ ವ್ಯಾಂಪೈರಾ (ನಿಜನಾಮ ಮೈಲಾ ನರ್ಮಿ) ತನಗೆ ಸಂಭಾಷಣೆಯೇ ಬೇಡವೆಂದು ಕೇಳಿ, ಮೌನವಾಗಿಯೇ ಅಭಿನಯಿಸಿದಳು. ಇಡೀ ಚಿತ್ರದಲ್ಲಿ ಅತ್ಯಂತ ವಿವೇಕದ ತೀರ್ಮಾನ ಇದೆಂದು ಹೇಳಬಹುದು. ಕುಸ್ತಿಪಟು ಟಾರ್ ಜಾನ್ಸನ್ ಪೊಲೀಸ್ ಅಧಿಕಾರಿಯಾಗಿಯೂ ಎದ್ದುಬಂದ ಶವವಾಗಿಯೂ ನಟಿಸಿದ್ದಾನೆ. ಭವಿಷ್ಯವಾದಿ ಕ್ರಿಸ್ವೆಲ್ ನಿರೂಪಕ. ಮುಂದೆ ನಡೆಯಲಿರುವುದೆಂದು ಈತ ಆರಂಭದಲ್ಲಿ ಹೇಳುವ ಸಂಗತಿಯೇ ಕೆಲವು ವಾಕ್ಯಗಳಲ್ಲಿ ಈಗಾಗಲೇ ನಡೆದುಹೋದ ಸಂಗತಿಯಾಗಿಬಿಡುತ್ತದೆ.

ಸ್ಮಶಾನದ ಕಲ್ಲುಗಳು ನಟರ ಕಾಲು ತಾಗಿದರೆ ಅಲುಗಾಡುತ್ತವೆ. ವಿಮಾನದ ಚಾಲಕರ ಕೋಣೆಯ ಬಾಗಿಲು ಒಂದು ಸ್ನಾನದಮನೆಯ ಪರದೆ. ಹಾರುವ ತಟ್ಟೆಗಳು ಕಾರಿನ ಗಾಲಿಮುಚ್ಚಳಗಳೆಂದೂ ಕಾಗದದ ಊಟದ ತಟ್ಟೆಗಳೆಂದೂ ಪ್ರತೀತಿ ಇದೆ. ವಾಸ್ತವದಲ್ಲಿ ಅವು ದಾರಕ್ಕೆ ಕಟ್ಟಿದ ಆಟಿಕೆಯ ಮಾದರಿಗಳು. ಅವುಗಳ ಮೇಲೆ ಗುಂಡು ಹಾರಿಸುವ ಸೈನ್ಯ ಬೇರೆ ಕಡೆಯಿಂದ ತಂದು ಜೋಡಿಸಿದ ಹಳೆಯ ಚಿತ್ರಸುರುಳಿ. ಬಣ್ಣ ಬಳಿದ ಪರದೆಯನ್ನೇ ಅರಮನೆಯೆಂದು ಒಪ್ಪಿಕೊಳ್ಳುವ ಕಂಪನಿ ನಾಟಕದ ಪ್ರೇಕ್ಷಕ ಇಂಥದ್ದನ್ನು ಕ್ಷಮಿಸಿಯಾನು, ಕ್ಯಾಮೆರಾ ಕ್ಷಮಿಸುವುದಿಲ್ಲ.

ಅಪಕೀರ್ತಿ

ಬಿಡುಗಡೆಯಾದಾಗ ಚಿತ್ರವನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ದೂರದರ್ಶನ ಕೇಂದ್ರಗಳು ತಡರಾತ್ರಿಯ ವೇಳೆ ತುಂಬಿಸಲು ಇದನ್ನು ಮತ್ತೆಮತ್ತೆ ಪ್ರಸಾರ ಮಾಡಿದವು. ಹ್ಯಾರಿ ಮೆಡ್ವೆಡ್ ಮತ್ತು ಮೈಕೆಲ್ ಮೆಡ್ವೆಡ್ ಸೋದರರು ೧೯೮೦ರಲ್ಲಿ ಪ್ರಕಟಿಸಿದ ‘ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್’ ಪುಸ್ತಕದಲ್ಲಿ, ಓದುಗರ ಮತಗಳ ಆಧಾರದ ಮೇಲೆ ಇದು ಅತಿ ಕಳಪೆ ಚಿತ್ರವೆಂದೂ ವುಡ್ ಅತಿ ಕಳಪೆ ನಿರ್ದೇಶಕನೆಂದೂ ಘೋಷಿತವಾಯಿತು. ಇದಕ್ಕೆ ಉತ್ತರಿಸಲು ವುಡ್ ಇರಲಿಲ್ಲ. ಕುಡಿತದಿಂದ ಜರ್ಜರಿತನಾಗಿ, ಬಾಡಿಗೆ ಕೊಡಲಾಗದೆ ಮನೆಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ, ೧೯೭೮ರ ಡಿಸೆಂಬರ್ ೧೦ರಂದು ಗೆಳೆಯನೊಬ್ಬನ ಮನೆಯಲ್ಲಿ ಆತ ತೀರಿಕೊಂಡಿದ್ದ. ಆಗ ಅವನ ವಯಸ್ಸು ೫೪.

ಈ ತೀರ್ಪನ್ನು ಹಲವು ವಿಮರ್ಶಕರು ಒಪ್ಪುವುದಿಲ್ಲ. ಜನ ಮತ ಹಾಕುವುದು ತಾವು ನೋಡಿ ನೆನಪಿಟ್ಟುಕೊಂಡ ಚಿತ್ರಕ್ಕೆ. ನಿಜವಾಗಿ ಸಹಿಸಲಾಗದ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಎದ್ದಿರುತ್ತಾರೆ, ಅದರ ಹೆಸರೂ ನೆನಪಿರುವುದಿಲ್ಲ. ಅಪಾರ ಹಣ, ಪ್ರಸಿದ್ಧ ತಾರೆಯರು, ನುರಿತ ತಂತ್ರಜ್ಞರೆಲ್ಲ ಇದ್ದೂ ನೀರಸವಾದ ಚಿತ್ರಗಳಿಗೆ ಹೋಲಿಸಿದರೆ ಪ್ಲಾನ್ ೯ರ ದೋಷಗಳಲ್ಲಿ ಬಹುಪಾಲು ಬಡತನದ ದೋಷಗಳು. ಸಂಭಾಷಣೆಯ ದೋಷಗಳಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಕಾಗದಕ್ಕೆ ಹೆಚ್ಚು ಖರ್ಚಿಲ್ಲ. ಇದೇ ಬಿರುದಿಗೆ ಮುಂದೆ ‘ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ (೧೯೬೬), ‘ಟ್ರೋಲ್ ೨’ (೧೯೯೦), ‘ದಿ ರೂಮ್’ (೨೦೦೩) ಮುಂತಾದ ಚಿತ್ರಗಳ ಹೆಸರೂ ಕೇಳಿಬಂದಿದೆ.

ನಂತರದ ಪ್ರಭಾವ

ಟಿಮ್ ಬರ್ಟನ್ ೧೯೯೪ರಲ್ಲಿ ನಿರ್ದೇಶಿಸಿದ ‘ಎಡ್ ವುಡ್’ ಚಿತ್ರ ಈ ಚಿತ್ರದ ನಿರ್ಮಾಣದ ಕಥೆಯನ್ನೂ ಒಳಗೊಂಡಿದೆ. ಜಾನಿ ಡೆಪ್ ವುಡ್‌ನ ಪಾತ್ರ ವಹಿಸಿದ. ಲುಗೋಸಿಯ ಪಾತ್ರಕ್ಕಾಗಿ ಮಾರ್ಟಿನ್ ಲ್ಯಾಂಡೋ ಅತ್ಯುತ್ತಮ ಪೋಷಕ ನಟನೆಂಬ ಆಸ್ಕರ್ ಪ್ರಶಸ್ತಿ ಪಡೆದ. ಪ್ರಸಾಧನಕ್ಕೂ ಒಂದು ಆಸ್ಕರ್ ದೊರೆಯಿತು. ವುಡ್‌ನ ಯಾವ ಚಿತ್ರಕ್ಕೂ ಇಂಥ ಗೌರವ ಸಂದಿರಲಿಲ್ಲ. ೨೦೦೬ರಲ್ಲಿ ಪ್ಲಾನ್ ೯ರ ವರ್ಣರೂಪವೂ ಹೊರಬಂತು.

ವಿಮಾನಚಾಲಕನ ಪಾತ್ರದ ಗ್ರೆಗರಿ ವಾಲ್ಕಾಟ್ ಅನಂತರ ‘ನಾರ್ಮಾ ರೇ’ಯಂತಹ ಮನ್ನಣೆ ಪಡೆದ ಚಿತ್ರಗಳಲ್ಲಿ ನಟಿಸಿದರೂ, ಜನ ಅವನನ್ನು ಗುರುತಿಸುತ್ತಿದ್ದುದು ಪ್ಲಾನ್ ೯ರಿಂದಲೇ. ಈ ಬಗ್ಗೆ ಬಹುಕಾಲ ಸಂಕೋಚಪಟ್ಟಿದ್ದ ಆತ, ಬರ್ಟನ್‌ನ ಚಿತ್ರದಲ್ಲಿ ಹಣ ಹೂಡಬಹುದಾದ ವ್ಯಕ್ತಿಯೊಬ್ಬನ ಪುಟ್ಟ ಪಾತ್ರವನ್ನು ಒಪ್ಪಿಕೊಂಡು ನಟಿಸಿದ. ೨೦೧೫ರಲ್ಲಿ ನಿಧನನಾದ.