ಪ್ರೇರಿ ಹುಲ್ಲುಗಾವಲಿನ ಬೀಜ ಭಂಡಾರ

ಉತ್ತರ ಅಮೆರಿಕದ ಪ್ರೇರಿ ಬಯಲುಗಳ ಮಣ್ಣಿನಲ್ಲಿ ಮೊಳೆಯದೆ, ಆದರೆ ಜೀವ ಹಿಡಿದುಕೊಂಡು ಉಳಿದಿರುವ ಬೀಜಗಳ ಒಟ್ಟು ಸಂಗ್ರಹ. ಇದನ್ನು ಅಳೆಯಲು ಸಂಶೋಧಕರು ಕೊಳವೆಯಿಂದ ಮೇಲ್ಮಣ್ಣು ತೆಗೆದು, ಹಸಿರುಮನೆಯ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ನೀರುಣಿಸಿ, ಮೇಲೆದ್ದ ಒಂದೊಂದು ಸಸಿಯನ್ನೂ ಗುರುತಿಸಿ, ಎಣಿಸಿ, ಕಿತ್ತುಹಾಕುತ್ತಾರೆ. ಫಲಿತಾಂಶ ಅಚ್ಚರಿಯದು. ಬಯಲನ್ನೇ ಆವರಿಸಿರುವ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್‌ನಂಥ ಬಹುವಾರ್ಷಿಕ ಹುಲ್ಲುಗಳು ತಟ್ಟೆಯಲ್ಲಿ ವಿರಳ. ಅಲ್ಪಾಯುಷಿ ಗಿಡಗಳೂ ಕಳೆಗಳೂ ಹೆಚ್ಚು.

ಹಾಗಾದರೆ ಬೆಂಕಿ ಬಿದ್ದ, ಬೈಸನ್ ಮೇಯ್ದ ನೆಲ ಮತ್ತೆ ಹಸಿರಾಗುವುದು ಹೇಗೆ? ಕಾನ್ಸಾಸ್‌ ರಾಜ್ಯದ ಫ್ಲಿಂಟ್ ಹಿಲ್ಸ್ ಪ್ರದೇಶದ ಕೊಂಜಾ ಪ್ರೇರಿಯಲ್ಲಿ ನಡೆದ ಅಧ್ಯಯನದ ಪ್ರಕಾರ, ಹೊಸ ಚಿಗುರುಗಳಲ್ಲಿ ಶೇ. 99ಕ್ಕೂ ಹೆಚ್ಚು ಹುಟ್ಟುವುದು ಬೀಜದಿಂದಲ್ಲ, ನೆಲದಡಿಯ ಮೊಗ್ಗುಗಳಿಂದ. ಹುಲ್ಲಿನ ಬುಡದಲ್ಲಿ, ಗುಪ್ತಕಾಂಡದ ಗೆಣ್ಣುಗಳಲ್ಲಿ ಶಲ್ಕ ಹೊದ್ದು ಕುಳಿತ ಈ ಮೊಗ್ಗುಗಳಿಗೆ ಮೇಲಿನ ಬೆಂಕಿ ತಾಗುವುದಿಲ್ಲ. ನಮ್ಮ ಹೊಲದ ಗರಿಕೆಯಂತೆ, ಮೇಲ್ಭಾಗ ಹೋದರೂ ಅವು ಮತ್ತೆ ಚಿಗುರುತ್ತವೆ.

ಹಾಗೆಂದು ಬೀಜವನ್ನು ಕಡೆಗಣಿಸುವಂತಿಲ್ಲ. ಬೈಸನ್ ಹೊರಳಾಡಿದ ಕುಳಿ, ಗೋಫರ್ ಎಂಬ ದಂಶಕ ತೋಡಿ ಹಾಕಿದ ಮಣ್ಣು, ಇಂಥ ತೆರೆದ ಜಾಗಗಳಲ್ಲಿ ಸಸಿಗಳು ನೆಲೆಯೂರುತ್ತವೆ. ಹೊಸ ತಳಿಗುಣಗಳು ಬರುವುದೂ ಬೀಜದ ಮೂಲಕವೇ.

ನಿಜವಾದ ಹಾನಿ ಉಳುಮೆಯದು. ನೇಗಿಲು ಮೊಗ್ಗುಗಳ ಜಾಲವನ್ನೇ ಹರಿದುಹಾಕುತ್ತದೆ. ವರ್ಷಗಟ್ಟಲೆ ಬೇಸಾಯ ಮಾಡಿದ ಮಣ್ಣಿನಲ್ಲಿ ಪ್ರೇರಿ ಸಸ್ಯಗಳ ಬೀಜವೂ ಹೆಚ್ಚು ಉಳಿದಿರುವುದಿಲ್ಲ. ಅಯೋವಾ ರಾಜ್ಯದಲ್ಲಿ ಮೂಲ ಪ್ರೇರಿಯ ಶೇ. 99ಕ್ಕೂ ಹೆಚ್ಚು ಭಾಗ ಹೀಗೆ ಕಳೆದುಹೋಗಿದೆ. ಅಂಥ ನೆಲ ಬೀಳುಬಿಟ್ಟ ಮಾತ್ರಕ್ಕೆ ಪ್ರೇರಿಯಾಗದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1930ರ ದಶಕದಲ್ಲಿ ಆರಂಭವಾದ ಕರ್ಟಿಸ್ ಪ್ರೇರಿಯ ಪುನರುಜ್ಜೀವನಕ್ಕೆ ಬೀಜ, ಹುಲ್ಲುಹೆಂಟೆಗಳನ್ನು ಹೊರಗಿನಿಂದಲೇ ತರಬೇಕಾಯಿತು.